ಗುರವ್ವ ಏರಿಸಿದ ಗೋಡೆ

ಹೊಸಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ ಗುರವ್ವನವರ ಮನೆಯ ಮುಂದೆ ಮಾತ್ರ ಸ್ವಲ್ಪ ಮಣ್ಣು ಉಳಿದಿದೆ. ಬೇರೆಯವರು ಅಷ್ಟು ಜಾಗಕ್ಕೂ ಕಲ್ಲು ಹಾಸಿ ಕಾರು ನಿಲ್ಲಿಸಿಕೊಂಡಿದ್ದಾರೆ. ಗುರವ್ವನವರ ಮಣ್ಣಿನಲ್ಲಿ ಎರಡು ದಾಸವಾಳದ ಗಿಡ, ಒಂದು ಕರಿಬೇವು, ಒಂದು ನುಗ್ಗೆ ಇವೆ. ಸುತ್ತ ಸೊಂಟದೆತ್ತರದ ಕಾಂಪೌಂಡು ಇತ್ತು. ಮೂವತ್ತೊಂದು ವರ್ಷದ ಹಿಂದೆ ಅದನ್ನು ಕಟ್ಟಿದವರು ಅವರ ಗಂಡ ಅಮೀನಪ್ಪ ಮೇಸ್ತ್ರಿ. ನಾವು ಆ ಮನೆಯ ಮೇಲ್ಭಾಗದಲ್ಲಿ ಬಾಡಿಗೆಗಿದ್ದೇವೆ. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ನಮ್ಮ ಮೆಟ್ಟಿಲಿನಿಂದ ಕಂಡದ್ದು. ಕಾಣದ್ದನ್ನು ಗುರವ್ವನವರೇ ಹೇಳಿದ್ದಾರೆ.

ಅವರಿಬ್ಬರೂ ಬಾಗಲಕೋಟೆ ಕಡೆಯವರು. ಊರಿನಲ್ಲಿ ಅಮೀನಪ್ಪನವರನ್ನು ಗೌಂಡಿ ಎನ್ನುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಮೇಸ್ತ್ರಿಯಾದರು. ವಿಜಯನಗರದಲ್ಲಿ, ಚಂದ್ರಾ ಲೇಔಟಿನಲ್ಲಿ ಅವರು ಕಟ್ಟಿದ ಮನೆಗಳು ಬಹಳ ಇವೆ. ಮೊದಲ ಆರು ವರ್ಷ ಗುರವ್ವನವರೂ ಅವರ ಜೊತೆಗೆ ತಲೆಯ ಮೇಲೆ ಸಿಮೆಂಟಿನ ಬಾಂಡ್ಲಿ ಹೊತ್ತರು. ಮಗಳು ಶಿಲ್ಪಾ ಹುಟ್ಟಿದ ಮೇಲೆ ಬಿಟ್ಟರು. ಅಂದಿನಿಂದ ಅವರ ದಿನಗಳು ಒಂದೇ ರೀತಿ ನಡೆದವು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಡುವುದು, ಸಂಜೆ ಬಿಸಿನೀರು ಕಾಯಿಸಿಡುವುದು, ನಡುವೆ ಗಿಡಗಳಿಗೆ ನೀರು ಹಾಕುವುದು. ಸಂಜೆ ಗಂಡ ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತಿದ್ದರು.

ಮೂರು ವರ್ಷದ ಹಿಂದೆ ಅಮೀನಪ್ಪನವರಿಗೆ ಮರೆವಿನ ಕಾಯಿಲೆ ಶುರುವಾಯಿತು. ಮೊದಲು ವಾರಗಳು ಮರೆತುಹೋದವು, ಆಮೇಲೆ ರಸ್ತೆಗಳು. ಹೋದ ವರ್ಷ ಮಗಳ ಮುಖ ಮರೆತುಹೋಯಿತು. ಶಿಲ್ಪಾ ಅವರು ಭಾನುವಾರ ಕೆಂಗೇರಿಯಿಂದ ಬಂದರೆ, "ಯಾರ ಪೈಕಿ ತಾಯಿ ನೀ?" ಎಂದು ಮರ್ಯಾದೆಯಿಂದ ವಿಚಾರಿಸುತ್ತಿದ್ದರು. ಆದರೆ ಹೆಂಡತಿಯನ್ನು ಮರೆತಿರಲಿಲ್ಲ. ದಿನಕ್ಕೆ ನೂರು ಸಲ "ಗುರವ್ವಾ" ಎಂದು ಕೂಗುತ್ತಿದ್ದರು. ಓಗೊಟ್ಟರೆ ಸುಮ್ಮನಾಗುತ್ತಿದ್ದರು.

"ಅದೊಂದು ಉಳದ್ರ ಸಾಕವ್ವ," ಎಂದು ಗುರವ್ವನವರು ನಮ್ಮ ಅಮ್ಮನಿಗೆ ಹೇಳಿದ್ದರು. "ಉಳಿದದ್ದೆಲ್ಲ ಹೋಗ್ಲಿ."

ಕಷ್ಟ ಬಂದದ್ದು ಅಮೀನಪ್ಪನವರು ಹೊರಗೆ ಹೋಗಲು ಶುರು ಮಾಡಿದ ಮೇಲೆ. ಎತ್ತರದ ತಗಡಿನ ಗೇಟಿಗೆ ಬೀಗ ಹಾಕಿದರೆ ಕಾಂಪೌಂಡು ದಾಟುತ್ತಿದ್ದರು. ತಲೆ ಮರೆತರೂ, ಕಟ್ಟಡಗಳ ಸಾರ್ವೆ ಹತ್ತಿದ ಕಾಲುಗಳು ಎಪ್ಪತ್ತೊಂದರಲ್ಲೂ ಏನನ್ನೂ ಮರೆತಿರಲಿಲ್ಲ. ಮೊದಲ ಸಲ ಮೆಟ್ರೋ ನಿಲ್ದಾಣದ ಕೆಳಗೆ ಸಿಕ್ಕರು. ಎರಡನೆಯ ಸಲ ಯಾರೋ ಕಟ್ಟಿಸುತ್ತಿದ್ದ ಮನೆಯೊಳಗೆ ನಿಂತು ಕೆಲಸದವರನ್ನು ಬೈಯುತ್ತಿದ್ದರು. ಮೂರನೆಯ ಸಲ ಒಂದು ಹಗಲು, ಒಂದು ರಾತ್ರಿ ಸಿಗಲೇ ಇಲ್ಲ. ಮಾರನೆಯ ದಿನ ಪೊಲೀಸಿನವರೊಬ್ಬರು ಆಟೋದಲ್ಲಿ ಕರೆತಂದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅಂಗಾಲು ಸೀಳಿತ್ತು.

"ಬೀಗ ಹಾಕಿದ್ದೆ ಸಾಹೇಬ್ರ," ಎಂದರು ಗುರವ್ವ.

"ಬೀಗ ಹಾಕಿ ಏನಮ್ಮ ಮಾಡ್ತೀರಾ, ಈ ಗೋಡೆ ನಮ್ಮ ಮೂರು ವರ್ಷದ ಮಗೂನೂ ದಾಟುತ್ತೆ. ಎತ್ತರ ಮಾಡ್ಸಿ. ಮುಂದಿನ ಸಲ ಹೀಗೇ ಸಿಗ್ತಾರೆ ಅಂತ ನಾನಂತೂ ಹೇಳಕ್ಕಾಗಲ್ಲ."

ಆ ವಾರವೇ ಗುರವ್ವನವರು ಮುನಿಯಪ್ಪನವರಿಗೆ ಫೋನ್ ಮಾಡಿಸಿದರು. ಮುನಿಯಪ್ಪ ಈಗ ಕಂಟ್ರಾಕ್ಟರ್. ಇಪ್ಪತ್ತು ವರ್ಷದ ಹಿಂದೆ ಅಮೀನಪ್ಪನವರ ಕೈಕೆಳಗೆ ಸಿಮೆಂಟಿನ ಮಾಲು ಕಲಸುತ್ತಾ ಕೆಲಸ ಕಲಿತವರು. ಬಂದವರು ಕಾಂಪೌಂಡಿನ ಮೇಲೆ ಕೈಯಾಡಿಸಿ ನೋಡಿದರು.

"ಪಾಯ ಗಟ್ಟಿ ಇದೆ ಅಕ್ಕ. ಇನ್ನೂ ಐದಡಿ ಹೊರುತ್ತೆ. ಆದ್ರೆ ಮೇಸ್ತ್ರಿ ಕಟ್ಟಿರೋದ್ರ ಮೇಲೆ ನಾನು ಬ್ಲಾಕ್ ಇಡೋದಾ? ಅದೂ ಅವ್ರನ್ನ ಒಳಗಿಡೋಕೆ?"

"ನೀ ಇಡದಿದ್ರ ಬ್ಯಾರೆ ಯಾರರೆ ಇಡ್ತಾರ, ಮುನಿಯಪ್ಪ."

"ಅವ್ರು ಕೇಳಿದ್ರೆ ಏನಂತ ಹೇಳ್ಲಿ?"

"ಕಳ್ಳರ ಕಾಟ ಅಂತ ಹೇಳು."

ಅಮೀನಪ್ಪನವರು ಕೇಳಿಯೇ ಕೇಳಿದರು. ಕಳ್ಳರು ಎಂದದ್ದಕ್ಕೆ ಮನೆಯನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡಿ, "ನಮ್ಮನ್ಯಾಗ ಕದಿಯಾಕ ಏನೈತಿ ಗುರವ್ವಾ?" ಎಂದರು. ಗುರವ್ವನವರು ಒಳಗೆ ಹೋದರು.

ಸೋಮವಾರ ಬ್ಲಾಕು, ಮರಳು, ಸಿಮೆಂಟು ಬಂದವು. ಕೆಲಸದವರು ಇಬ್ಬರು. ದಾರ ಕಟ್ಟಿ ಮೊದಲ ಸಾಲು ಇಡುತ್ತಿದ್ದಂತೆ ಅಮೀನಪ್ಪನವರು ಲುಂಗಿ ಎತ್ತಿ ಕಟ್ಟಿಕೊಂಡು ಅಂಗಳಕ್ಕಿಳಿದರು. ಒಂದು ಕಣ್ಣು ಮುಚ್ಚಿ ದಾರದುದ್ದಕ್ಕೂ ನೋಡಿದರು.

"ಏ ಹುಡುಗಾ, ಗ್ವಾಡಿ ಹೊಟ್ಟಿ ಬಿಟ್ಟೈತಿ ನೋಡು. ಬಸುರಿ ಹೆಂಗಸು ನಿಂತಂಗ ಕಾಣತೈತಿ. ಕೀಳು ಅದನ್ನ."

"ಯಾರಣ್ಣ ಈ ತಾತ?" ಎಂದು ಕೆಲಸದವನು ನಕ್ಕ.

"ನನ್ನ ಗುರು ಕಣೋ. ನೀನು ಹುಟ್ಟೋಕೆ ಮುಂಚೆ ಈ ಬೀದಿ ಕಟ್ಟಿದೋರು. ಬಾಯಿ ಮುಚ್ಕೊಂಡು ಕಿತ್ತು ಸರಿಯಾಗಿ ಇಡು," ಎಂದರು ಮುನಿಯಪ್ಪ. ತೂಗುಗುಂಡು ಇಳಿಬಿಟ್ಟು ನೋಡಿದರೆ ನಿಜವಾಗಿಯೂ ಗೋಡೆ ಅರ್ಧ ಇಂಚು ಮುಂದೆ ಬಂದಿತ್ತು.

ಆಮೇಲೆ ಯಾರೂ ನಗಲಿಲ್ಲ. ಮುನಿಯಪ್ಪ ತಮ್ಮ ಕರಣೆಯನ್ನೇ ಅವರ ಕೈಗೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅಮೀನಪ್ಪನವರು ಎಂಟು ಬ್ಲಾಕು ಇಟ್ಟಿದ್ದರು. ಪ್ರತಿಯೊಂದನ್ನೂ ಕರಣೆಯ ಹಿಡಿಯಿಂದ ಎರಡು ಸಲ ತಟ್ಟುವರು, ಮೂರನೆಯ ಸಲ ಬೇಡವೆಂದು ಕೈ ತಡೆಯುವರು. ಶರ್ಟಿನ ಗುಂಡಿ ಹಾಕಿಕೊಳ್ಳಲು ಬಾರದ ಕೈ ಅದು.

ಆ ಆರು ದಿನ ಗುರವ್ವನವರು ಬೇರೆಯೇ ಹೆಂಗಸಾಗಿದ್ದರು. ಮೇಸ್ತ್ರಿ ಎರಡೆರಡು ರೊಟ್ಟಿ ತಿಂದು, ರಾತ್ರಿ ಒಂದೇ ನಿದ್ದೆಗೆ ಬೆಳಗು ಮಾಡುತ್ತಿದ್ದರು. ಗೇಟು ಹಗಲೆಲ್ಲ ತೆರೆದಿದ್ದರೂ ಹೊರಗೆ ಕಾಲಿಡಲಿಲ್ಲ. "ಗುರವ್ವಾ, ಚಹಾ ತಾ. ಹುಡುಗರಿಗೂ ತಾ" ಎಂಬ ಕೂಗು ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ಎರಡನೆಯ ದಿನ ಗುರವ್ವನವರು ಶಿಲ್ಪಾ ಅವರಿಗೆ ಫೋನ್ ಮಾಡಿ, "ನಿಮ್ಮಪ್ಪ ನಕ್ರವ್ವಾ" ಎಂದಷ್ಟೇ ಹೇಳಿ ಫೋನ್ ಇಟ್ಟರು.

ಗೋಡೆ ಮಾತ್ರ ದಿನದಿನಕ್ಕೆ ಏರುತ್ತಿತ್ತು. ಶುಕ್ರವಾರ ಆರಡಿಯಾಯಿತು. ಮುನಿಯಪ್ಪ ದಾರ ಸುತ್ತಿಕೊಳ್ಳಲು ಹೋದರು.

"ಇನ್ನೊಂದು ಸಾಲು ಇಡು," ಎಂದರು ಗುರವ್ವ.

"ಸಾಕಲ್ಲಕ್ಕ. ಆರಡಿ ಯಾರು ದಾಟ್ತಾರೆ?"

"ಇಡು ಅಂದ್ರ ಇಡು."

ಆ ಸಾಲಿನಿಂದ ಮೇಸ್ತ್ರಿಗೆ ಇನ್ನೂ ಅರ್ಧ ದಿನದ ಕೆಲಸ ಸಿಕ್ಕಿತು. ಅದು ಮುಗಿದ ಮೇಲೆ ಗುರವ್ವನವರು ಮತ್ತೊಂದು ಸಾಲು ಕೇಳಿದರು. ಮುನಿಯಪ್ಪ ಅವರ ಮುಖ ನೋಡಿ, ಗೋಡೆ ನೋಡಿ, "ಇನ್ನು ಏರಿಸಿದ್ರೆ ಜೈಲಿನ ಥರ..." ಎಂದವರು ಮಾತನ್ನು ಅಲ್ಲಿಗೇ ನುಂಗಿದರು. ಗುರವ್ವನವರು ತಲೆ ತಗ್ಗಿಸಿ, "ಬ್ಯಾಡ ಬಿಡು, ಸಾಕು," ಎಂದರು. ಅಷ್ಟರಲ್ಲಾಗಲೇ ಅಂಗಳದಿಂದ ರಸ್ತೆ ಕಾಣುತ್ತಿರಲಿಲ್ಲ. ದಾಸವಾಳದ ಗಿಡಗಳ ಮೇಲೆ ಬಿಸಿಲು ಬೀಳುವುದು ನಿಂತಿತ್ತು.

ಶನಿವಾರ ಸಂಜೆ ಕೆಲಸ ಮುಗಿಯಿತು. ಕಟ್ಟಡದ ಕೆಲಸ ಮುಗಿದ ದಿನ ಮನೆಯೊಡತಿ ಮೇಸ್ತ್ರಿಗೆ ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟು, ಹೊಸ ಟವೆಲ್ ಹೊದಿಸಿ ಕಳಿಸಿಕೊಡುವುದು ಈ ಕಡೆಯ ಪದ್ಧತಿ. ಗುರವ್ವನವರು ಅದನ್ನೆಲ್ಲ ವಿಜಯನಗರದ ಮಾರ್ಕೆಟಿನಿಂದ ತರಿಸಿ, ತಟ್ಟೆಯಲ್ಲಿ ಜೋಡಿಸಿ, ಮುನಿಯಪ್ಪನವರ ಮುಂದೆ ಹಿಡಿದರು. ಮುನಿಯಪ್ಪ ಎರಡು ಹೆಜ್ಜೆ ಹಿಂದೆ ಸರಿದರು.

"ನನಗ್ಯಾಕಕ್ಕ? ಮೇಸ್ತ್ರಿ ಇಲ್ಲಿರೋವಾಗ ನಾನು ತಗೊಂಡ್ರೆ ಒಳ್ಳೇದಾಗುತ್ತಾ? ಅವ್ರಿಗೇ ಕೊಡಿ."

ಗುರವ್ವನವರಿಗೆ ಆ ಮಾತು ತುಂಬಾ ಹಿಡಿಸಿತು. ಗಂಡ ಇಂಥ ಟವೆಲುಗಳನ್ನು ಮನೆಗೆ ತಂದದ್ದನ್ನು ಅವರು ನೋಡಿದ್ದರು. ಮಡಚಿ ಟ್ರಂಕಿನಲ್ಲಿ ಇಟ್ಟಿದ್ದರು. ಬೇರೆ ಮನೆಗಳ ಹೆಂಗಸರು ಅದನ್ನು ಅವರಿಗೆ ಹೊದಿಸುವುದನ್ನು ಮಾತ್ರ, ತಾವು ಕೆಲಸ ಬಿಟ್ಟ ಮೇಲೆ, ಒಮ್ಮೆಯೂ ಕಂಡಿರಲಿಲ್ಲ. ಸೆರಗು ಹೊದ್ದು, ಗಂಡನ ಹೆಗಲಿಗೆ ಟವೆಲ್ ಹಾಕಿ, ತಟ್ಟೆಯನ್ನು ಕೈಗೆ ಕೊಟ್ಟರು. ಸಂತೋಷದಲ್ಲಿ ಸ್ವಲ್ಪ ತಮಾಷೆಯೂ ಸೇರಿಕೊಂಡಿತು.

"ಕೆಲಸ ಚಲೋ ಆತ್ರಿ ಮೇಸ್ತ್ರಿ," ಎಂದರು.

ಅಮೀನಪ್ಪನವರು ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನೆಲ ನೋಡುತ್ತಾ, "ನಿಮ್ಮ ಉಪ್ಪು ತಿಂದೀವ್ರಿ ಅಮ್ಮಾರ," ಎಂದರು.

ಕೆಲಸದವರು ನಕ್ಕರು. ಗುರವ್ವನವರೂ ನಕ್ಕರು. ಮೇಸ್ತ್ರಿಯೂ ತಮಾಷೆಗೆ ಅಂದರೆಂದು ಎಲ್ಲರೂ ತಿಳಿದರು.

ಮುನಿಯಪ್ಪ ಮತ್ತು ಕೆಲಸದವರು ಹೊರಟ ಮೇಲೆ ಗುರವ್ವನವರು ಗೇಟಿಗೆ ಬೀಗ ಹಾಕಿದರು. ಅಮೀನಪ್ಪನವರು ನಲ್ಲಿಯ ಹತ್ತಿರ ಕೈಕಾಲು ತೊಳೆದರು. ತೆಂಗಿನಕಾಯಿಯನ್ನು ಟವೆಲಿನ ತುದಿಗೆ ಗಂಟು ಹಾಕಿಕೊಂಡರು. ಗೇಟಿನ ತನಕ ಹೋಗಿ, ತಿರುಗಿ ಬಂದು, ಹೆಂಡತಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು.

"ಬೀಗ ತಗೀರಿ ಅಮ್ಮಾರ. ನಾ ಬರ್ತೀನಿ."

"ಎಲ್ಲಿಗ್ರಿ?"

"ಮನಿಗ್ರಿ."

"ಮನಿ ಇದ ಐತಲ್ರಿ. ನಾ ಗುರವ್ವ. ನೋಡ್ರಿ ಇಲ್ಲೆ."

ಅವರು ನೋಡಿದರು. ಪರರ ಮನೆಯ ಹೆಂಗಸು ಹತ್ತಿರ ಬಂದಾಗ ಸರಿಯುವಂತೆ ಒಂದು ಹೆಜ್ಜೆ ಹಿಂದಕ್ಕೆ ಸರಿದು, ಮತ್ತೆ ನೆಲ ನೋಡಿದರು. ಗುರವ್ವನವರು ಏನೇನೋ ಪ್ರಯತ್ನ ಮಾಡಿದರು. ಊರಿನ ಹೆಸರು ಹೇಳಿದರು. ಮಗಳ ಹೆಸರು ಹೇಳಿದರು. ಟವೆಲನ್ನು ಹೆಗಲಿನಿಂದ ತೆಗೆಯಲು ಹೋದರು. ಅಮೀನಪ್ಪನವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಗೆ ಗುರವ್ವನವರಿಗೆ ಮೇಸ್ತ್ರಿಯನ್ನು ಮೇಸ್ತ್ರಿಯಂತೆಯೇ ನಿಲ್ಲಿಸಿಕೊಳ್ಳಬೇಕು ಎನ್ನಿಸಿತು.

"ಗ್ವಾಡಿಗಿ ನೀರ ಹೊಡಿಬೇಕಲ್ರಿ ಮೇಸ್ತ್ರಿ. ಅದನ್ನ ಮುಗಿಸಿ ಹೋಗ್ರಿ."

"ಅದು ಮನ್ಯಾವ್ರ ಕೆಲಸ್ರಿ," ಎಂದರು ಅಮೀನಪ್ಪ. ಆಮೇಲೆ, ಹೊಸದಾಗಿ ಮನೆ ಕಟ್ಟಿಸಿದವರಿಗೆ ಹೇಳುವ ಹಾಗೆ, ನಿಧಾನವಾಗಿ ತಿಳಿಸಿಕೊಟ್ಟರು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಹತ್ತು ದಿನ ತಪ್ಪಿಸಬಾರದು. ಮೇಲಿನಿಂದ ಕೆಳಕ್ಕೆ ಹೊಡೆಯಬೇಕು. ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ.

"ಹಂಗಾರ ನಾಳೆ ಎಷ್ಟೊತ್ತಿಗೆ ಬರ್ತೀರಿ?"

"ನಾಳೆ ಇಲ್ರಿ ಅಮ್ಮಾರ. ಇಲ್ಲಿ ಕೆಲಸ ಮುಗೀತು."

ಗುರವ್ವನವರು ಗೋಡೆಗೆ ಒರಗಿದರು. ಅದು ಇನ್ನೂ ಹಸಿಯಾಗಿತ್ತು. ಸೀರೆಗೆ ಸಿಮೆಂಟು ಹತ್ತಿತು.

"ಮನ್ಯಾಗ ಯಾರದಾರ್ರಿ ನಿಮಗ?"

"ನಮ್ಮನಿಯಾಕಿ. ಗೇಟಿನ ಹಂತ್ಯಾಕ ನಿಂತಿರ್ತಾಳ್ರಿ. ನಾ ಹೋಗೂತನಕ ಉಣ್ಣಂಗಿಲ್ಲ."

"ಹೆಸರೇನ್ರಿ ಆಕಿದು?"

"ಗುರವ್ವ."

ಆ ಹೆಸರನ್ನು ಅವರು ಮೊದಲಿನ ಹಾಗೆಯೇ ಹೇಳಿದರು. ಗುರವ್ವನವರು ನಲ್ಲಿ ತಿರುಗಿಸಿದರು. ಕೊಳವೆ ಹಿಡಿದು, ಹೇಳಿಕೊಟ್ಟಂತೆ, ಮೇಲಿನಿಂದ ಕೆಳಕ್ಕೆ ಗೋಡೆಗೆ ನೀರು ಹೊಡೆಯತೊಡಗಿದರು. ಅಮೀನಪ್ಪನವರು ಗೇಟಿನ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು, ಕಾಯಿ ಕಟ್ಟಿದ ಟವೆಲನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೊಮ್ಮೆ, ಕೋಪವಿಲ್ಲದೆ, "ಬೀಗ ತಗೀರಿ ಅಮ್ಮಾರ, ಹೊತ್ತಾತು," ಎನ್ನುತ್ತಿದ್ದರು.