ನೀಲಗಿರಿ ಎಣ್ಣೆ ಮತ್ತು ಗಿರಿಜಕ್ಕನ ಜಿಂಕೆ

ತುಮಕೂರಿನಿಂದ ಹೊರಡುವಾಗ ನನ್ನ ಚೀಲದಲ್ಲಿ ಎರಡು ಸ್ವೆಟರ್, ಒಂದು ಮಂಕಿ ಕ್ಯಾಪ್, ಒಂದು ಕಟ್ಟು ಮಾಸ್ಕ್, ನೀಲಗಿರಿ ಎಣ್ಣೆಯ ಸೀಸೆ ಮತ್ತು ಹೊಟ್ಟೆ ಕೆಟ್ಟರೆ ಬೇಕಾಗುವ ಸಕಲವೂ ಇದ್ದವು. ನಾನು ಹೊರಟಿದ್ದು ಹಿಮಾಲಯಕ್ಕಲ್ಲ, ಕೆಜಿಎಫ್‌ಗೆ. ಆದರೆ ಡಿಸೆಂಬರ್ ತಿಂಗಳು, ಬೆಳಗಿನ ಜಾವದ ಗುಡ್ಡ, ಪಕ್ಕದಲ್ಲೇ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬ. ಚಿಂತೆ ಮಾಡಲು ಇಷ್ಟು ಸಾಮಗ್ರಿ ಒಂದೇ ಊರಿನಲ್ಲಿ ಸಿಗುವುದು ಅಪರೂಪ.

ಕರೆಸಿಕೊಂಡವಳು ನನ್ನ ಅಕ್ಕ ಗಿರಿಜ. ಭಾವ ಅಲ್ಲಿನ ಕಾರ್ಖಾನೆಯೊಂದರಲ್ಲಿ ನೌಕರಿಯಲ್ಲಿದ್ದಾರೆ. ಮದುವೆಯಾಗಿ ಅಲ್ಲಿಗೆ ಹೋದಾಗಿನಿಂದ ಅಕ್ಕ ಮೈಸೂರು ಮೈನ್ಸ್‌ನ ಆಚೆಯ ಗುಡ್ಡದಲ್ಲಿ ಜಿಂಕೆಗಳಿವೆ, ಕರೀ ಬೆನ್ನಿನ, ತಿರುಚು ಕೊಂಬಿನ ಕೃಷ್ಣಮೃಗಗಳಿವೆ ಎಂದು ಹೇಳುತ್ತಲೇ ಇದ್ದಾಳೆ. ಗಣಿ ಮುಚ್ಚಿದ ಊರಿನಲ್ಲಿ ಜಿಂಕೆಯೇ ಎಂದು ಮನೆಮಂದಿಯೆಲ್ಲ ನಗುತ್ತಾರೆ. ಯಾರಾದರೂ ಸ್ವಲ್ಪ ಉಪ್ಪುಖಾರ ಹಚ್ಚಿ ಮಾತಾಡಿದರೆ ಸಾಕು, ನಮ್ಮಲ್ಲಿ ಅದಕ್ಕೆ "ಗಿರಿಜಕ್ಕನ ಜಿಂಕೆ" ಎಂದೇ ಹೆಸರು. ಈಗ ಭಾವನಿಗೆ ವರ್ಗವಾಗಿತ್ತು. ಸೋಮವಾರ ಹತ್ತು ಗಂಟೆಗೆ ಸಾಮಾನಿನ ಲಾರಿ.

"ಊರು ಬಿಡೋ ಮುಂಚೆ ಒಬ್ಬರಿಗಾದ್ರೂ ತೋರಿಸಬೇಕು ಕಣೋ," ಎಂದಿದ್ದಳು ಫೋನಿನಲ್ಲಿ. "ಇಲ್ಲದಿದ್ರೆ ಸಾಯೋತನಕ ಸುಳ್ಳಿ ಅನ್ನಿಸ್ಕೋತೀನಿ."

"ನಾನೇ ಯಾಕೆ?"

"ನೀನು ಹುಟ್ಟಿದಾಗಿಂದ ಒಂದು ಒಳ್ಳೇ ಸುದ್ದಿ ಹೇಳಿದವನಲ್ಲ. ನೀನೇ 'ಇದೆ' ಅಂದ್ರೆ ಎಲ್ಲರೂ ನಂಬ್ತಾರೆ."

ಇಂಥ ಗೌರವ ಯಾರಿಗುಂಟು! ಶನಿವಾರ ಬೆಂಗಳೂರಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಬಂಗಾರಪೇಟೆಯಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಲ್ಲಿನ ಪಾನಿಪುರಿಯ ನೀರು ಬಣ್ಣವಿಲ್ಲದೆ ಬಾವಿ ನೀರಿನಷ್ಟು ತಿಳಿ, ನಾಲಿಗೆಗೆ ಮಾತ್ರ ಬೆಂಕಿ ಎಂದು ಎದುರಿಗೆ ಕುಳಿತವರು ಬಾಯಿ ಚಪ್ಪರಿಸಿ ವರ್ಣಿಸಿದರು. ಇಳಿದರೆ ರೈಲು ಬಿಟ್ಟುಹೋದೀತೆಂದು ನಾನು ಸೀಟು ಬಿಡಲಿಲ್ಲ. ರಾಬರ್ಟ್‌ಸನ್‌ಪೇಟೆಯ ಅವಳ ಮನೆಗೆ ಊರ್ಗಾಂನಲ್ಲೇ ಇಳಿಯಬೇಕೆಂದು ಅಕ್ಕ ಹೇಳಿದ್ದರೂ ಮಾರಿಕುಪ್ಪಂವರೆಗೆ ಹೋಗಿ ಇಳಿದೆ. ಕೊನೆಯ ನಿಲ್ದಾಣ ತಪ್ಪಿಹೋಗುವ ಭಯವಿಲ್ಲ. ಆಟೋದವನು ನಕ್ಕು, "ಎಲ್ಲಾ ಹಿಂದಕ್ಕೇ ಹೋಗ್ಬೇಕು ಸಾರ್, ಪರವಾಯಿಲ್ಲೆ, ಕೂತ್ಕೊಳ್ಳಿ," ಎಂದ.

ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಭಾವ ಅವುಗಳ ನಡುವೆ ಕುಳಿತು ಹಗ್ಗ ಬಿಗಿಯುತ್ತಿದ್ದರು. "ನಾ ಒಲ್ಲೆಪಾ. ಆಕಿ ಜಿಂಕಿ ಹಿಂದ ತಿರುಗಿ ನನ್ನ ಮೊಣಕಾಲು ಸವದಾವು. ಒಮ್ಮೆನೂ ಕಾಣ್ಸಿಲ್ಲ," ಎಂದರು. ಅಕ್ಕ ನನ್ನ ತಟ್ಟೆಗೆ ಅವರೆಕಾಳಿನ ಉಪ್ಪಿಟ್ಟು ಬಡಿಸಿದಳು.

ಭಾನುವಾರ ಬೆಳಕು ಹರಿಯುವ ಮುನ್ನವೇ ಅವಳ ಸ್ಕೂಟರಿನಲ್ಲಿ ಹೊರಟೆವು. ಬೀದಿಯ ಹೆಂಗಸರು ತಮಿಳರ ಮಾರ್ಗಳಿ ತಿಂಗಳ ದೊಡ್ಡ ರಂಗೋಲಿ ಬಿಡಿಸುತ್ತಿದ್ದರು. ಮಂಜು ಎಷ್ಟಿತ್ತೆಂದರೆ ಮುಂದೆ ಕುಳಿತ ಅಕ್ಕನೇ ಅರ್ಧ ಕಾಣುತ್ತಿದ್ದಳು. ಊರು ದಾಟಿ ಗುಡ್ಡದ ಬುಡಕ್ಕೆ ಬಂದಾಗ ಅಕ್ಕ ಕೆಳಗೇ ಪೊದೆಯ ಹಿಂದೆ ಕಾಯೋಣ ಎಂದಳು. ಹುಲ್ಲಿನಲ್ಲಿ ಹಾವು ಇದ್ದರೆ? ನಾನು ತುದಿಯ ಬಂಡೆ ಹತ್ತೋಣ ಎಂದು ಹಟ ಹಿಡಿದೆ. ಎತ್ತರದಿಂದ ಎಲ್ಲ ಕಾಣುತ್ತದೆ ಎಂಬುದು ನನ್ನ ವಾದ. ಹತ್ತಿದೆವು. ಮೇಲೆ ಆಕಾಶ ಶುಭ್ರ, ಕೆಳಗೆ ಹಾಲು ಚೆಲ್ಲಿದಂತೆ ಮಂಜು. ಅದರಡಿ ಜಿಂಕೆಯಲ್ಲ, ಆನೆಯಿದ್ದರೂ ಕಾಣುತ್ತಿರಲಿಲ್ಲ. ಒಮ್ಮೆ ಕೆಳಗಿನಿಂದ ಬುಸ್ಸೆಂದು ಮೂಗುಸಿರು, ಆಮೇಲೆ ದಡದಡ ಗೊರಸಿನ ಸದ್ದು. ಅಷ್ಟೇ.

"ಇದ್ವು!" ಎಂದಳು ಅಕ್ಕ. ಅವಳ ಮುಖ ನೋಡಲಾಗಲಿಲ್ಲ.

ಇಳಿಯುವಾಗ ದಾರಿಯಲ್ಲಿ ಹುಲ್ಲಿಗೆ ಬಂದಿದ್ದ ಮುನಿಯಮ್ಮ ಸಿಕ್ಕಳು. ಪಕ್ಕದ ಹಳ್ಳಿಯವಳು, ಅಕ್ಕನಿಗೆ ಸೊಪ್ಪು ಮಾರುವವಳು. ನಾನು ಹತ್ತಿರ ಬಂದದ್ದೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನಕ್ಕಾ ನಿನ್ ತಮ್ಮ, ಬಾಣಂತಿ ಮನೆ ಇದ್ದಂಗೆ ವಾಸ್ನೆ ಒಡೀತಾನೆ! ಆ ಉಣಿಸೆಮರದತ್ರ ಇದ್ದಾಗ್ಲೇ ಬಂತು."

ಪೆಟ್ಟಿಗೆಗಳ ಧೂಳಿಗೆ ಮೂಗು ಕಟ್ಟಿದ್ದ ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು. ಎದೆ, ಬೆನ್ನು, ಅಂಗಾಲು, ಮಂಕಿ ಕ್ಯಾಪಿನ ಒಳಮೈ, ಎಲ್ಲ ಕಡೆ ಅರ್ಧ ಸೀಸೆ ನೀಲಗಿರಿ ಎಣ್ಣೆ ಬಳಿದುಕೊಂಡಿದ್ದನ್ನು ಒಪ್ಪಿಕೊಂಡೆ. ಶೀತ ಆಗಬಾರದಲ್ಲ!

"ಅಯ್ಯೋ ಕರ್ಮವೇ," ಎಂದು ಅವಳು ತಲೆಗೆ ಕೈಹೊತ್ತು ಬಂಡೆಯ ಮೇಲೆ ಕುಳಿತಳು. ಅಲ್ಲೇ ನನಗೆ ಗುಡ್ಡದ ಗಾಳಿಯ ಪಾಠವಾಯಿತು. ಅಡವಿಯ ಪ್ರಾಣಿ ಕಣ್ಣಿಗಿಂತ ಮೊದಲು ಮೂಗು ನಂಬುತ್ತದೆ ಎಂದು ಅಕ್ಕನ ಎಣಿಕೆ. ಚಳಿಯಲ್ಲಿ ತಣ್ಣಗಾದ ಗಾಳಿಗೆ ತೂಕ ಹೆಚ್ಚು, ಅದು ಬೆಳಗಿನ ಜಾವ ಇಳಿಜಾರಿನಲ್ಲಿ ನೀರಿನಂತೆ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದು ಮಣ್ಣು ಕಾದ ಮೇಲೆ ಅದೇ ಗಾಳಿ ಮೇಲಕ್ಕೇಳುತ್ತದೆ. ನಾನು ತುದಿಯಲ್ಲಿ ನಿಂತು, ನನ್ನ ಪರಿಮಳವನ್ನು ನೇರವಾಗಿ ಜಿಂಕೆಗಳ ಮೂಗಿಗೆ ಸುರಿದಿದ್ದೆ.

"ಜಿಂಕೆ ನೋಡಕ್ಕಾ ಬಂದಿದ್ದು?" ಎಂದು ಮುನಿಯಮ್ಮ ನಕ್ಕಳು. "ನಮ್ ಅವರೆ ಒಲದಾಗೆ ಅವುನ್ನ ಓಡ್ಸಿ ಓಡ್ಸಿ ಕಾಲು ಬಿದ್ದೋಗವೆ. ಇಡ್ಕೊಂಡೋಗಿ, ಪುಣ್ಯ ಬತ್ತದೆ!"

ಉಳಿದದ್ದು ಸೋಮವಾರದ ಬೆಳಗು ಮಾತ್ರ. ರಾತ್ರಿಯೇ ಅಕ್ಕ ಸೀಸೆ ಕಿತ್ತುಕೊಂಡು ಪಾತ್ರೆಯ ಪೆಟ್ಟಿಗೆಗೆ ಹಾಕಿ ಟೇಪು ಸುತ್ತಿದಳು. ಬೆಳಿಗ್ಗೆ ಸೋಪಿಲ್ಲದೆ ಸ್ನಾನ ಮಾಡಿಸಿದಳು. ತಲೆಗೆ ಎಣ್ಣೆಯಿಲ್ಲ, ಹಣೆಗೆ ವಿಭೂತಿಯಿಲ್ಲ. ನನ್ನ ಪ್ರಾಣವನ್ನು ದೇವರಿಗೆ ಒಪ್ಪಿಸಿ ಸ್ಕೂಟರ್ ಹತ್ತಿದೆ. ಆ ದಿನ ಮಂಜು ತೆಳು, ಚಳಿ ಮಾತ್ರ ಮೂಳೆಗೆ ಇಳಿಯುವಂಥದ್ದು.

ಈ ಸಲ ಗುಡ್ಡದ ಕೆಳಗೆ, ಮೂಡಣದ ಕಡೆ. ಅಕ್ಕ ಚೀಲದಿಂದ ಒಂದು ಊದುಬತ್ತಿ ತೆಗೆದು ಹಚ್ಚಿದಳು. ಹೊಗೆ ಎಳೆಯಾಗಿ ಗುಡ್ಡದಿಂದ ನಮ್ಮ ಕಡೆಗೇ ಬಾಗಿತು. "ಗಾಳಿ ಇಳೀತಾ ಇದೆ. ನಮ್ಮ ವಾಸನೆ ಮೇಲೆ ಹೋಗಲ್ಲ," ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಬುಟ್ಟಿ ಹೊತ್ತು ಬಂದ ಮುನಿಯಮ್ಮ ಊದುಬತ್ತಿ ಕಂಡು ಚಪ್ಪಲಿ ಬಿಟ್ಟು, ಬಂಡೆಗೆ ಕೈಮುಗಿದು, "ಯಾವ ದ್ಯಾವ್ರಕ್ಕಾ? ಇಲ್ಲಿರೋದು ನಂಗೆ ಗೊತ್ತೇ ಇರ್ನಿಲ್ವಲ್ಲ!" ಎಂದಳು. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ಬಲು ಕಟ್ಟುನಿಟ್ಟಿನ ದೇವರೆಂದು ತಿಳಿದು ಮುನಿಯಮ್ಮ ಸದ್ದಿಲ್ಲದೆ ಹೊಲಕ್ಕೆ ಹೋದಳು.

ಬಾಗಿ ಬಾಗಿ ಏರಿದೆವು. ಗುಡ್ಡದ ನಡುಮೈಯಲ್ಲಿ ಹುಲ್ಲಿನದೊಂದು ಮಟ್ಟಸ ಜಾಗವಿದೆ. ಚಳಿಗಾಲದ ಮೊದಲ ಬಿಸಿಲು ತಗ್ಗಿನ ಹೊಲಗಳಿಗಿಂತ ಮೊದಲು ಅಲ್ಲಿಗೆ ಬೀಳುತ್ತದೆ. ರಾತ್ರಿಯ ಮಂಜಿನಲ್ಲಿ ನೆನೆದ ಜಿಂಕೆಗಳು ಮೈ ಕಾಯಿಸಿಕೊಳ್ಳಲು ಅಲ್ಲಿಗೇ ಬರುತ್ತವೆಂದು ಅಕ್ಕನ ಲೆಕ್ಕಾಚಾರ. ಕಲ್ಲಿನ ಹಿಂದೆ ಕುಳಿತು ಕಾದೆವು. ನನ್ನ ಎದೆ ಹೊಡೆದುಕೊಳ್ಳುವ ಸದ್ದು ಜಿಂಕೆಗೆ ಕೇಳಿಸೀತೆಂದು ಹೊಸ ಚಿಂತೆ ಶುರುವಾಯಿತು. ಸೂರ್ಯ ಬಂದ. ಊದುಬತ್ತಿಯ ಹೊಗೆ ನೆಟ್ಟಗೆ ನಿಂತಿತು. ಇನ್ನು ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿ ನಮ್ಮನ್ನು ಬಿಟ್ಟುಕೊಡುತ್ತದೆ. ಅಕ್ಕ ಬತ್ತಿಯನ್ನು ಮಣ್ಣಿಗೆ ಒತ್ತಿದಳು.

ಆಗ ಹುಲ್ಲಿನ ಆಚೆ ಅಂಚಿನಲ್ಲಿ ಎರಡು ತಿರುಚು ಕೊಂಬು ಎದ್ದವು. ಆಮೇಲೆ ಕಣ್ಣಿನ ಸುತ್ತ ಬಿಳಿ ಬಳೆಯಿಟ್ಟ ಕರಿ ಮುಖ. ಆಮೇಲೆ ಇಡೀ ಗಂಡು, ಮೇಲೆ ಕಪ್ಪು, ಕೆಳಗೆ ಬಿಳುಪು, ಮೈಯಿಂದ ಹಬೆ ಏಳುತ್ತಿದೆ. ಅದರ ಹಿಂದೆ ಹೆಣ್ಣುಗಳು, ಮರಿಗಳು. ನಾನು ಅಕ್ಕನ ತೋಳು ಹಿಡಿದೆ. ಅವಳು ಜಿಂಕೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ಫೋನು ಎತ್ತಿದೆ. ಅದೇ ಗಳಿಗೆಗೆ, ನೀಲಗಿರಿ ಎಣ್ಣೆ ಕಾಣದ ನನ್ನ ಮೂಗು ಸೇಡು ತೀರಿಸಿಕೊಂಡಿತು. ತಡೆದೆ, ಮೂಗು ಹಿಂಡಿದೆ, ಆಗಲಿಲ್ಲ. ಗುಡ್ಡವೆಲ್ಲ ಮೊಳಗುವಂತೆ ಸೀನಿದೆ. ಇಡೀ ಹಿಂಡು ಒಂದರ ಹಿಂದೊಂದು ಗಾಳಿಗೆ ಚಿಮ್ಮಿತು. ಓಟವಲ್ಲ ಅದು, ನೆಲ ತಾನಾಗಿಯೇ ಅವನ್ನು ಎಸೆದಂತೆ. ಬಿಸಿಲಿನಲ್ಲಿ ಬಿಳಿ ಹೊಟ್ಟೆಗಳು ಮಿಂಚಿ ಗುಡ್ಡದ ಆಚೆ ಇಳಿದವು.

"ಇಷ್ಟು ವರ್ಷದಲ್ಲಿ ಹೀಗೆ ಹಾರಿದ್ದನ್ನ ನಾನೂ ನೋಡಿರಲಿಲ್ವಲ್ಲೋ!" ಎಂದಳು ಅಕ್ಕ. ನಗುತ್ತಿದ್ದಳೋ ಅಳುತ್ತಿದ್ದಳೋ, ನನಗೂ ಕಣ್ಣು ಮಂಜಾಗಿತ್ತು.

ಅಕ್ಕ-ಭಾವರನ್ನೂ ಕೂರಿಸಿಕೊಂಡು ಲಾರಿ ಹೊರಟ ಮೇಲೆ ಊರ್ಗಾಂನಲ್ಲಿ ರೈಲು ಹತ್ತಿ ಮನೆಯವರ ಗುಂಪಿಗೆ ಫೋಟೊ ಕಳಿಸಿದೆ. ಸೀನಿನ ಹೊಡೆತಕ್ಕೆ ಅಲುಗಿದ ಚಿತ್ರ, ನಡುವೆ ಒಂದು ಕಂದು ಕಲೆ. ಕೆಳಗೆ "ಕಣ್ಣಾರೆ ಕಂಡೆ" ಎಂದು ಬರೆದೆ. ಬಂಗಾರಪೇಟೆ ಬರುವಷ್ಟರಲ್ಲಿ ದೊಡ್ಡಣ್ಣನ ಉತ್ತರ ಬಂತು: "ಮೇಕೆ ಚೆನ್ನಾಗಿದೆ." ಚಿಕ್ಕಮ್ಮ ಬರೆದರು: "ಅವಳ ಮನೇಲಿ ಎರಡು ದಿನ ಉಂಡಿದ್ದಕ್ಕೆ ಇವನಿಗೂ ಜಿಂಕೆ ಹಿಡೀತು."

ಅಕ್ಕನಿಗೆ ಫೋನು ಮಾಡಿ, ಯಾರೂ ನಂಬುತ್ತಿಲ್ಲ, ತಪ್ಪಾಯಿತು ಎಂದೆ. ಲಾರಿಯ ಗದ್ದಲದ ನಡುವೆ ಅವಳ ನಗು ಕೇಳಿಸಿತು.

"ನಂಬದಿದ್ರೆ ಬಿಡೋ. ಇಷ್ಟು ದಿನ ಸುಳ್ಳಿ ಒಬ್ಬಳೇ ಇದ್ದೆ. ಈಗ ಇಬ್ಬರಾದ್ವಲ್ಲ!"

ಗಾಡಿ ಬಿಟ್ಟುಹೋಗುವ ಚಿಂತೆಯನ್ನು ಸೀಟಿನ ಮೇಲೆ ಟವೆಲಿನ ಜೊತೆ ಬಿಟ್ಟು, ನಾನು ಪಾನಿಪುರಿಗೆ ಇಳಿದೆ.