ಕಲ್ಲಬಾನಿಯ ಮೊದಲ ಸಾಲು

ಗೋಕಾಕ ಸೀಮೆಯಲ್ಲಿ ಕಲ್ಲು ಕಡಿಯುತ್ತಿದ್ದ ಶೆಟ್ಟೆಪ್ಪ ಮಾತು ಕಡಿಮೆಯ ಮನುಷ್ಯ. ಹೇಳುವವರ ಮಾತು ಪೂರಾ ಕೇಳದೆ ಅವನು ಉಳಿ ಹಿಡಿಯುತ್ತಿರಲಿಲ್ಲ.

ಇನ್‌ಫ್ಲುಯೆಂಜಾ ಜ್ವರ ಊರೂರನ್ನೇ ಬಳಿದುಕೊಂಡು ಹೋದ ಮರುವರ್ಷ ಮಮದಾಪುರದ ಯಮನವ್ವ ಅವನಿಂದ ನೀರು ತುಂಬಿಡುವ ಒಂದು ಕಲ್ಲಬಾನಿ ಮಾಡಿಸಿದಳು. ಆ ಜ್ವರದಲ್ಲಿ ಅವಳ ಮಗ ಕೆಂಚಪ್ಪ ಸತ್ತು ಬದುಕಿದ್ದ. ಅದಕ್ಕಾಗಿ ದಾರಿಯ ದನಗಳಿಗೆ ನೀರು ಕುಡಿಸುವ ಹರಕೆ ಹೊತ್ತಿದ್ದಳು.

ಬಾನಿಯ ಮೇಲೆ ಮಗ ಬದುಕಿದ ದಿನದ ತಾರೀಖು ಕಡಿಯಬೇಕಿತ್ತು. ಅದನ್ನು ಮಠದ ಅಯ್ಯನವರು ಹೇಳಿದರು: ಮೊದಲು ಸಂವತ್ಸರ, ಆಮೇಲೆ ಮಾಸ, ಕಡೆಗೆ ತಿಥಿ. ಯಮನವ್ವನ ಮುಖ ಸಣ್ಣದಾಯಿತು.

“ಆ ಸುಡುಗಾಡು ವರ್ಷಾನಽ ಮೊದಲ ಬರಬೇಕೇನೋ ಎಪ್ಪಾ?”

ಶೆಟ್ಟೆಪ್ಪ ಉಳಿ ಕೆಳಗಿಟ್ಟ. “ಹಂಗೇನಿಲ್ಲ ಬಿಡಬೇ. ಹಳೇ ಕಲ್ಲಿನಾಗ ರಾಜರ ಆಳಿಕಿ ಹೇಳ್ತಿದ್ರು, ಅದಕ್ಕ ವರ್ಷ ಮೊದಲ. ಘಟಪ್ರಭಾ ಟೇಶನ್ನಿನಾಗ ಇವತ್ತಿನ ಗಾಡಿ ಮುಖ್ಯ, ಅಲ್ಲಿ ದಿನ ಮೊದಲ. ಯಾರಿಗೆ ಯಾವುದು ಬೇಕೋ ಅದನ್ನ ಮುಂದ ಇಡತಾರ. ನಿನಗ ಯಾವುದು ಬೇಕು?”

“ಆ ವರ್ಷ ಊರಿಗೆಲ್ಲಾ ಬಂದಿತ್ತು. ನನ್ನ ಮಗ ಕಣ್ಣು ಬಿಟ್ಟು ನೀರು ಕೇಳಿದ್ದು ಸೀಗಿ ಹುಣ್ಣಿವಿ ದಿನ. ನನಗ ಅದಽ ಮೊದಲ.”

ಅಯ್ಯನವರು ನಕ್ಕರು. “ಹಂಗಽ ಕಡಿಯಪ್ಪಾ, ಶಿವಾ ಏನ್ ಸಿಟ್ಟಾಗಂಗಿಲ್ಲ.”

ಬಾನಿ ಇಟ್ಟ ದಿನ ಕೆಂಚಪ್ಪನೇ ಮೊದಲ ಕೊಡ ಸುರಿದ. ಓದುಬಾರದ ಯಮನವ್ವ ಮೇಲಿನ ಸಾಲನ್ನು ಬೆರಳಿನಿಂದ ತಡವುತ್ತ, “ಇದಽ ಏನೋ ಸೀಗಿ ಹುಣ್ಣಿವಿ?” ಎಂದು ಕೇಳಿದಳು.

“ಹೂಂ ಬೇ, ಇದಽ,” ಎಂದ ಶೆಟ್ಟೆಪ್ಪ.

“ನಿನ್ನ ಹೊಟ್ಟಿ ತಣ್ಣಗಿರಲಿ. ಉಂಡಽ ಹೋಗು, ನನ್ನ ಮಗ ಬಡಸ್ತಾನ.”