ಹಬ್ಬದ ಬಣ್ಣ, ಚಕ್ರದ ನಟ್ಟು

ಮನುಷ್ಯ ಮನುಷ್ಯನನ್ನು ನಂಬದಿದ್ದರೆ ಲೋಕ ನಡೆಯುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರಲ್ಲಿ ಯಾರೂ ಲಾರಿ ಇಟ್ಟವರಲ್ಲ.

ನಾನು ಇಟ್ಟಿದ್ದೇನೆ. ವನಗೂರಿನ ಆಸುಪಾಸಿನ ಎಸ್ಟೇಟುಗಳಲ್ಲಿ ಕಡಿದ ಸಿಲ್ವರ್ ಮರದ ದಿಮ್ಮಿಗಳನ್ನು ಘಾಟಿಯ ಕೆಳಗಿನ ಪ್ಲೈವುಡ್ ಕಾರ್ಖಾನೆಗೆ ಸಾಗಿಸುವುದು ಅದರ ಕೆಲಸ. ಓಡಿಸುವವನು ನನ್ನ ಹೆಂಡತಿಯ ತಮ್ಮ. ಪಕ್ಕದಲ್ಲಿ ಕೂತು ಅನುಮಾನಪಡುವುದು ನನ್ನ ಇಲಾಖೆ. ಲಾರಿ ಎಲ್ಲಿ ನಿಂತರೂ ಇಳಿದು, ಸಣ್ಣ ಸುತ್ತಿಗೆಯಿಂದ ಚಕ್ರದ ನಟ್ಟುಗಳನ್ನು ಒಂದೊಂದಾಗಿ ಬಡಿದು ಕೇಳುತ್ತೇನೆ. ಬಿಗಿಯಾಗಿದ್ದರೆ ‘ಟಣ್’ ಎನ್ನುತ್ತದೆ. ಸಡಿಲವಾಗಿದ್ದರೆ ನೆಗಡಿಯಾದವನಂತೆ ಮಾತಾಡುತ್ತದೆ.

ಅದು ಆಯುಧಪೂಜೆ ಮುಗಿದ ಮೇಲಿನ ಮೊದಲ ಲೋಡು. ಹಬ್ಬಕ್ಕೆಂದು ಭಾವಮೈದುನ ಚಕ್ರಗಳನ್ನೆಲ್ಲ ಬಿಚ್ಚಿ, ಕೆಂಪು ಬಣ್ಣ ಹೊಡೆದು, ಮತ್ತೆ ಜೋಡಿಸಿದ್ದ. ನಟ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಒಂದು ನಟ್ಟು ಆದ ಮೇಲೆ ಅದರ ಎದುರಿನದು, ಹೀಗೆ ಶಾಸ್ತ್ರೋಕ್ತವಾಗಿ ಬಿಗಿದದ್ದನ್ನು ನಾನೇ ನಿಂತು ನೋಡಿದ್ದೆ. ಕಣ್ಣಾರೆ ನೋಡಿದ್ದನ್ನೂ ಪೂರ್ತಿ ನಂಬುವವನು ನಾನಲ್ಲ, ಆ ಮಾತು ಬೇರೆ.

ಘಾಟಿ ಇಳಿಯುವ ಮುಂಚೆ ಮಾರನಹಳ್ಳಿಯಲ್ಲಿ ಕಾಫಿಗೆ ನಿಲ್ಲಿಸಿದೆವು. ಸುತ್ತಿಗೆ ಹಿಡಿದು ಇಳಿದೆ. ಹಿಂದಿನ ಎಡ ಚಕ್ರಕ್ಕೆ ನೆಗಡಿ. ಒಂದು ನಟ್ಟಿಗಲ್ಲ, ಅಷ್ಟೂ ನಟ್ಟಿಗೆ.

“ಯಾರೋ ಸಡ್ಲ ಮಾಡವ್ರೆ ಕಣೋ,” ಎಂದೆ. ಸಕಲೇಶಪುರದ ಟೈರ್ ಅಂಗಡಿಯವನು ಬೆಳಗ್ಗೆ ನಮ್ಮ ಲಾರಿಯನ್ನು ಅಗತ್ಯಕ್ಕಿಂತ ಹೆಚ್ಚು ಪ್ರೀತಿಯಿಂದ ನೋಡುತ್ತಿದ್ದುದು ನೆನಪಾಯಿತು.

“ಅವ್ನು ನೋಡ್ತಿದ್ದಿದ್ದು ಬಣ್ಣನ, ಭಾವ.”

“ಹಂಗಾದ್ರೆ ನೀನೇ ಸರ್ಯಾಗಿ ಬಿಗ್ದಿಲ್ಲ.”

“ನಿಮ್ಮೆದ್ರಿಗೇ ಪೈಪ್ ಹಿಡ್ದು ನೇತಾಡ್ದೆನಲ್ಲ! ಹೋದಲ್ಲೆಲ್ಲ ಕುಟ್ಟಿ ಕುಟ್ಟಿ ನೀವೇ ಸಡ್ಲ ಮಾಡ್ಬುಟ್ಟಿದೀರ.”

ಈ ಆರೋಪವನ್ನು ಗಂಭೀರವಾಗಿ ಪರಿಶೀಲಿಸಿ ತಳ್ಳಿಹಾಕಿದೆ. ಆದರೆ ಮುಂದಿರುವುದು ಶಿರಾಡಿ. ತಿರುವಿನಲ್ಲಿ ಚಕ್ರ ಕಳಚಿದರೆ ದಿಮ್ಮಿಗಳ ಭಾರವೆಲ್ಲ ಅವನ ಬೆನ್ನಿಗೆ. ಅವನ ಅಕ್ಕನಿಗೆ ಉತ್ತರ ಹೇಳಬೇಕಾದವನು ನಾನು, ಅದೂ ಉಳಿದಿದ್ದರೆ.

ಅವನು ಮತ್ತೆ ಬಿಗಿದ. ಬಂದ ದಾರಿಯಲ್ಲೇ ಒಂದಿಷ್ಟು ದೂರ ಹಿಂದಕ್ಕೆ ಹೋಗಿ ಬರೋಣ ಎಂದೆ, ಬೈದುಕೊಂಡೇ ಓಡಿಸಿದ. ವಾಪಸು ಬಂದು ಬಡಿದರೆ ಮತ್ತೆ ಅದೇ ಮಂಕು ಸದ್ದು. ಈ ನಡುವೆ ಲಾರಿಯ ಹತ್ತಿರ ಒಂದು ನಾಯಿಯೂ ಸುಳಿದಿರಲಿಲ್ಲ. ಟೈರ್ ಅಂಗಡಿಯವನನ್ನು ಮನಸ್ಸಿನಲ್ಲೇ ಬಿಡುಗಡೆ ಮಾಡಿದೆ, ಜಾಮೀನಿನ ಮೇಲೆ.

“ಚಕ್ರ ಬಿಚ್ಚು,” ಎಂದೆ.

ಜಾಕ್ ಕೊಟ್ಟು ಬಿಚ್ಚಿದೆವು. ಚಕ್ರ ಬ್ರೇಕ್ ಡ್ರಮ್ಮಿಗೆ ಒತ್ತಿ ಕೂರುವ ಜಾಗದಲ್ಲಿ ಕೆಂಪು ಬಣ್ಣ ಅರೆಬೆಂದ ದೋಸೆಯ ಹಾಗೆ ದಪ್ಪಗೆ ಅಂಟಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಬೇಕಾದ ಕಡೆ ನಾವು ಬಣ್ಣವನ್ನು ಹಿಡಿದು ಬಿಗಿಯುತ್ತಿದ್ದೆವು. ಭಾರಕ್ಕೆ ಅದು ಜಜ್ಜಿಹೋಗಿ ತೆಳುವಾದಷ್ಟೂ ನಟ್ಟು ಸಡಿಲ.

“ಹಿಂದ್ಗಡೆ ಯಾಕೋ ಬಳ್ದೆ, ಮಾರಾಯ? ಯಾರಿಗೆ ಕಾಣ್ತೈತೆ?”

“ಪೂಜೆಗೆ ಅಂತ ಬಳ್ಯೋದಲ್ವಾ ಭಾವ? ಮುಂದ್ಗಡೆ ಮಾತ್ರ ಹಚ್ಚಿದ್ರೆ ತಾಯಿಗೆ ಗೊತ್ತಾಗಲ್ವಾ?”

ಲಾರಿ ಕೊಂಡಂದಿನಿಂದ ಎಲ್ಲ ಬಗೆಯ ಮೋಸಕ್ಕೂ ಸಿದ್ಧನಾಗಿದ್ದೆ. ಪ್ರಾಮಾಣಿಕತೆಯನ್ನು ನಿರೀಕ್ಷಿಸಿರಲಿಲ್ಲ.

“ಮಿಕ್ಕಿದ್ ಚಕ್ರಕ್ಕೂ ಹಿಂಗೇನಾ?”

“ಎಲ್ಲಕ್ಕೂ ಬಳ್ದಿದೀನಿ. ಇದಕ್ಕೆ ಡಬ್ಬಿ ತಳದಲ್ಲಿ ಉಳ್ದಿದ್ದನ್ನೂ ಹಾಕ್ಬುಟ್ಟೆ, ಒಣಗಿಸಿ ಇಟ್ಕೊಂಡು ಏನ್ಮಾಡ್ಲಿ?”

ಆವತ್ತು ಘಾಟಿ ಇಳಿಯಲಿಲ್ಲ. ರಸ್ತೆ ಪಕ್ಕದಲ್ಲೇ ಚಕ್ರಗಳನ್ನು ಒಂದಾದ ಮೇಲೊಂದು ಬಿಚ್ಚಿ, ಕೂರುವ ಜಾಗವನ್ನು ಕಬ್ಬಿಣ ಕಾಣುವವರೆಗೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಎದುರುಬದುರಾಗಿ ಬಿಗಿದೆವು. ಸ್ವಲ್ಪ ಓಡಿಸಿ ಮತ್ತೆ ಬಿಗಿದೆವು. ಈ ಕೆಲಸದುದ್ದಕ್ಕೂ ಅವನು ನನ್ನನ್ನು, ನಾನು ಅವನನ್ನು ಗಮನಿಸುತ್ತಲೇ ಇದ್ದೆವು.

ಮರುದಿನ ಬೆಳಗ್ಗೆ ಲಾರಿ ಶಿರಾಡಿ ಇಳಿಯಿತು. ಗುಂಡ್ಯದಲ್ಲಿ ನಿಲ್ಲಿಸಿ ಪಾನಾ ಹಾಕಿ ನೋಡಿದೆವು. ಒಂದು ನಟ್ಟೂ ತಿರುಗಲಿಲ್ಲ.